ಮಂಟಪದೊಳಗಣ ನಿಜವಾದ ಭೂತ

ಪಾಶ್ಚಾತ್ಯರು ಅಕ್ಟೋಬರ್ 31ರ ರಾತ್ರಿ ಆಚರಿಸುವ ಹ್ಯಾಲೋವೀನ್ ಹಬ್ಬದ ಮಾದರಿಯಲ್ಲಿ, ಕುಂಬಳದ ಬುರುಡೆದೀಪ, ಅಸ್ಥಿಪಂಜರ, ಪ್ರೇತವೇಷಗಳ ನಡುವೆ ಮದುವೆಯಾಗುವ ಹೊಸ ಶೋಕಿಯನ್ನು ಕೇಳಿದೊಡನೆ ಹಿರಿಯರು 'ಅಮಂಗಳ'ವೆಂದು ಕಿವಿ ಮುಚ್ಚಿಕೊಳ್ಳುವರು. ಈ ಆಕ್ಷೇಪವು ನಿಲ್ಲತಕ್ಕುದಲ್ಲ. ಸ್ಮಶಾನವಾಸಿಯೂ ಕಪಾಲಧರನೂ ಭೂತಗಣಗಳ ಒಡೆಯನೂ ಆದ ಶಿವನ ವಿವಾಹವನ್ನೇ ಹರಿಹರನು 'ಗಿರಿಜಾಕಲ್ಯಾಣ'ವೆಂಬ ಚಂಪೂಕಾವ್ಯವಾಗಿ ರಚಿಸಿದನು. ದೃಷ್ಟಿ ತಾಕದಿರಲೆಂದು ಬೂದುಗುಂಬಳವನ್ನು ಬಾಗಿಲಿಗೆ ಕಟ್ಟುವವರು ಪರರ ಕುಂಬಳವನ್ನು ಹಳಿಯುವುದೆಂತು?

ಆದರೆ ಈ ಶೋಕಿಗೆ ಮನಸೋತವರೂ ಧೀರರೇನಲ್ಲ. ಕಾಗದದ ಪ್ರೇತಕ್ಕೆ ಅಂಜದವರು ಜಾತಿಯೆಂಬ ಪ್ರೇತಕ್ಕೆ ಅಂಜಿಯೇ ವಧೂವರರನ್ನು ಆರಿಸುವರು. 1961ರ ಕಾಯಿದೆಯು ನಿಷೇಧಿಸಿದ ವರದಕ್ಷಿಣೆಯೆಂಬ ಪಿಶಾಚಿಗೆ ಉಡುಗೊರೆಯ ಹೆಸರಿನಲ್ಲಿ ಬಲಿಯಿಕ್ಕುವರು. ನಿರ್ಣಾ ಸೀಮೆಗೆ ದೂರವಲ್ಲದ ಬಸವಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ, ಸಮಗಾರ ಕುಲದ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದ ಮಧುವರಸನ ಮಗಳಿಗೂ ಲಗ್ನವಾಯಿತು. ಅದಕ್ಕಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರೆಂದು ಶರಣಪರಂಪರೆ ಹೇಳುತ್ತದೆ. ಭಯವನ್ನು ಗೆದ್ದ ಮದುವೆಯೆಂದರೆ ಅದು! ಅವರಾರೂ ಪ್ರೇತವೇಷ ತೊಟ್ಟಿರಲಿಲ್ಲ.

ಸುಶಿಕ್ಷಿತ ಮನೆತನಗಳು ಮಂಟಪದಿಂದ ಮೊದಲು ಉಚ್ಚಾಟಿಸಬೇಕಾದುದು ಈ ಎರಡು ಭೂತಗಳನ್ನು. ಅನಂತರ ಚಪ್ಪರಕ್ಕೆ ಮಾವಿನ ತೋರಣವೋ, ಬುರುಡೆಯ ಮಾಲೆಯೋ, ಅದು ವಧೂವರರ ಇಷ್ಟ.