ಪರಿಚಯಕ್ಕೆ ಕಟ್ಟಿದ ಬೆಲೆ

ಟೋಕಿಯೋದ ನಿಶಿ ಕಸಾಯಿಗೆ ಹೊಸದಾಗಿ ಬಂದ ಕನ್ನಡಿಗ ನಂಬುವುದು ಬ್ಯಾಂಕನ್ನಲ್ಲ, ತನಗಿಂತ ಮೊದಲು ಬಂದವರ ಮಾತನ್ನು. ‘ರೆಫರಲ್ ಬೋನಸ್’ ಎಂಬ ಆಮಿಷ ಕೊಳ್ಳುವುದು ಆ ನಂಬಿಕೆಯನ್ನೇ. ಕಾರ್ಡು ಕೈಸೇರಿದ ಮೇಲೆ ಷರತ್ತುಗಳು ತಲೆಯೆತ್ತುತ್ತವೆ: ಇಂತಿಷ್ಟು ದಿನಗಳೊಳಗೆ ಇಂತಿಷ್ಟು ಖರ್ಚು, ಕ್ಯಾಶ್‌ಬ್ಯಾಕಿಗೆ ತಿಂಗಳ ಮಿತಿ. ಬೋನಸ್ ಬಾರದಿದ್ದರೆ ಗೆಳೆಯನೆದುರು ತಲೆ ತಗ್ಗಿಸುವವನು ಶಿಫಾರಸು ಮಾಡಿದವನೇ ಹೊರತು ಬ್ಯಾಂಕಲ್ಲ.

ಪರಿಚಯವನ್ನೇ ಬಂಡವಾಳವಾಗಿಸುವ ವಿದ್ಯೆ ಕರಾವಳಿಗೆ ಹಳೆಯದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆಮನೆಯ ಚಿಲ್ಲರೆ ಕಾಸನ್ನು ಪರಿಚಿತರ ಕೈಯಿಂದಲೇ ಸಂಗ್ರಹಿಸಿತು. ಆದರೆ ಆ ಸಂಗ್ರಾಹಕನಿಗೆ ಕಮಿಷನ್ ಇತ್ತು. ಅವನು ಕಾರ್ಮಿಕನೇ ಅಲ್ಲವೆಂದು ಬ್ಯಾಂಕುಗಳು ಸುಪ್ರೀಂ ಕೋರ್ಟಿನವರೆಗೂ ವಾದಿಸಿದವು (ಅದೇನೂ ಅಚ್ಚರಿಯಲ್ಲ), 2001ರಲ್ಲಿ ಸೋತವು. ಗೆಳೆಯರನ್ನು ಕರೆತರುವ ನಿಶಿ ಕಸಾಯಿಯ ಎಂಜಿನಿಯರನಿಗೆ ಕಮಿಷನ್ನೂ ಖಚಿತವಿಲ್ಲ, ಕೇಳಲು ಸಂಘವೂ ಇಲ್ಲ.