ಪಾಲಿಸಿಯಲ್ಲಿರುವುದು ಯಾರ ಹೆಸರು?

ತೆರಿಗೆ, ಲೈಸೆನ್ಸುಗಳ ದಿನಾಂಕವನ್ನು ತಪ್ಪದೆ ನೆನಪಿಡುವ ನಮ್ಮ ವರ್ತಕ ಬಾಂಧವರಲ್ಲಿ ಅನೇಕರು ಜೀವವಿಮೆಯ ಕಂತು ಕಟ್ಟಿದರೆ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ. ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗಿನ ವ್ಯಾಪಾರಿಯಾಗಲಿ, ಚಿತ್ರದುರ್ಗ, ಹಿರಿಯೂರುಗಳ ಸಣ್ಣ ಕೈಗಾರಿಕೋದ್ಯಮಿಯಾಗಲಿ, ಪಾಲಿಸಿಯನ್ನು ಒಮ್ಮೆ ತೆರೆದು ನೋಡುವುದು ಲೇಸು.

ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2025ರಲ್ಲಿ ತೀರ್ಮಾನಿಸಿದ ಪ್ರಕರಣವೊಂದು ಗಮನಾರ್ಹ. ಮದುವೆಗೆ ಮುನ್ನ ಪಾಲಿಸಿ ಪಡೆದವರೊಬ್ಬರು ತಾಯಿಯನ್ನು ನಾಮಿನಿಯಾಗಿ ಸೂಚಿಸಿದ್ದರು. ಮದುವೆಯಾಗಿ ಮಗು ಹುಟ್ಟಿದರೂ ಹೆಸರು ಬದಲಾಗಲಿಲ್ಲ. ಅವರ ಮರಣಾನಂತರ ಅತ್ತೆ ಸೊಸೆಯರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ವಿಮಾ ಕಾಯ್ದೆಯ 39ನೇ ಕಲಮಿಗೆ 2015ರಲ್ಲಿ ತಿದ್ದುಪಡಿಯಾಗಿದ್ದರೂ ನಾಮನಿರ್ದೇಶನವು ಉತ್ತರಾಧಿಕಾರದ ಹಕ್ಕನ್ನು ಮೀರದೆಂದ ನ್ಯಾಯಾಲಯವು ತಾಯಿ, ಪತ್ನಿ, ಮಗುವಿಗೆ ತಲಾ ಮೂರನೆಯ ಒಂದು ಪಾಲು ನೀಡಿತು. ನ್ಯಾಯ ದೊರೆಯಿತು, ನಿಜ. ಆದರೆ ಅಲ್ಲಿಯವರೆಗೆ ಅಂಗಡಿಯ ಬಾಗಿಲು ತೆರೆದಿರುವುದೇ?

ಅವಧಿ ಮುಗಿಯುವ ಮುನ್ನ ವಿಮಾ ಕಂಪನಿಗೆ ಲಿಖಿತ ಸೂಚನೆಯಿತ್ತು ನಾಮಿನಿಯನ್ನು ಎಷ್ಟು ಬಾರಿಯಾದರೂ ಬದಲಿಸಬಹುದು. ಈ ತೀರ್ಪಿನ ಬೆಳಕಿನಲ್ಲಿ ಅದಷ್ಟೇ ಸಾಲದು. ಹಣ ಇಂಥವರಿಗೇ ಸಲ್ಲಬೇಕೆಂಬ ಇಚ್ಛೆಯಿದ್ದಲ್ಲಿ ಉಯಿಲನ್ನೂ ಬರೆದಿಡಬೇಕು. ಬ್ಯಾಂಕಿನ ಸಾಲಕ್ಕೆ ಪಾಲಿಸಿಯನ್ನು ವರ್ಗಾಯಿಸಿಕೊಟ್ಟವರು ಸಾಲ ತೀರಿದೊಡನೆ ಅದನ್ನು ತಮ್ಮ ಹೆಸರಿಗೆ ಮರಳಿ ಬರೆಸಿಕೊಳ್ಳತಕ್ಕದ್ದು. ವ್ಯಾಪಾರದ ಗಡಿಬಿಡಿಯಲ್ಲಿ ಮೊದಲು ಮರೆತುಹೋಗುವುದು ಇದೇ.