ಬಾಗಿಲು ಹಾಕಿದ ಮಾತ್ರಕ್ಕೆ ಪಾಲುದಾರಿಕೆ ಮುಗಿಯದು

‘ನೋಂದಣಿಯಾಗದ ಪಾಲುದಾರಿಕೆಗೆ ಕಾನೂನಿನಲ್ಲಿ ಬೆಲೆಯಿಲ್ಲ, ಬೇಡವಾದಾಗ ಬಾಗಿಲು ಹಾಕಿದರಾಯಿತು’ ಎಂಬ ಮಾತು ನಂಬಿದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ವ್ಯಾಪಾರಿಗಳು ಕೈ ಸುಟ್ಟುಕೊಳ್ಳುವುದು ಖಂಡಿತ. 1932ರ ಪಾಲುದಾರಿಕೆ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿಲ್ಲ. ಬಾಯಿಮಾತಿನ ಒಪ್ಪಂದವೂ ನಡೆಯುತ್ತದೆ. ಪೆಟ್ಟು ಬೀಳುವುದು 69ನೇ ಸೆಕ್ಷನ್ನಿನಲ್ಲಿ. ಬಿ.ಸಿ. ರೋಡಿನಲ್ಲಿ ಇಬ್ಬರು ಸೇರಿ ಅಡಿಕೆ ವ್ಯಾಪಾರ ಮಾಡುತ್ತಾರೆ ಎನ್ನಿ. ಕಡ ಒಯ್ದವನು ಹಣ ಕೊಡದಿದ್ದರೆ ನೋಂದಣಿಯಿಲ್ಲದ ಸಂಸ್ಥೆ ಅವನ ಮೇಲೆ ದಾವೆ ಹೂಡುವಂತಿಲ್ಲ. ಆತ ಮಾತ್ರ ಇವರ ಮೇಲೆ ಹೂಡಬಹುದು! ನೂರು ರೂಪಾಯಿವರೆಗಿನ ದಾವೆಗೆ ವಿನಾಯಿತಿ ಇದೆ ಬಿಡಿ. ಅಷ್ಟಕ್ಕೆ ಈಗ ಅರ್ಧ ಕಿಲೋ ಅಡಿಕೆಯೂ ಬಾರದು.

ಅವಧಿ ಗೊತ್ತುಮಾಡದ ಪಾಲುದಾರಿಕೆ ಮುರಿಯಲು ಒಬ್ಬನ ಲಿಖಿತ ನೋಟಿಸು ಸಾಕು, ನಿಜ. ಆದರೆ ಗೆಜೆಟ್ಟಿನಲ್ಲೂ ಜಿಲ್ಲೆಯ ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಬರುವವರೆಗೆ ಒಬ್ಬ ಪಾಲುದಾರ ಸಂಸ್ಥೆಯ ಹೆಸರಲ್ಲಿ ಮಾಡಿದ ವ್ಯವಹಾರಕ್ಕೆ ಇನ್ನೊಬ್ಬನೂ ಹೊರಗಿನವರಿಗೆ ಹೊಣೆ. ಸಂಸ್ಥೆ ನೋಂದಣಿಯಾಗಿದ್ದರೆ ರಿಜಿಸ್ಟ್ರಾರರಿಗೂ ತಿಳಿಸಬೇಕು.

‘ಅಪ್ಪನ ನಂತರ ಮಗ ತಾನಾಗಿಯೇ ಪಾಲುದಾರ’ ಎಂಬುದಂತೂ ಶುದ್ಧ ತಪ್ಪು. ಇಬ್ಬರೇ ಇದ್ದಲ್ಲಿ ಒಬ್ಬರು ತೀರಿಕೊಂಡರೆ, ಕರಾರಿನಲ್ಲಿ ಏನೇ ಬರೆದಿರಲಿ, ಸಂಸ್ಥೆ ಮುಗಿಯಿತು ಎಂದು ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. ಮಗ ಅಪ್ಪನ ಪಾಲಿನ ಲೆಕ್ಕ ಕೇಳಬಹುದು. ಗಲ್ಲಾದಲ್ಲಿ ಕೂರಬೇಕಾದರೆ ಉಳಿದವರ ಜೊತೆ ಹೊಸ ಕರಾರು ಮಾಡಿಕೊಳ್ಳಬೇಕು.